ಹುಣ್ಣಿಮೆ ತಾನೆ, ಬೆಳಕಿರುತ್ತೆ

ಜನವರಿ ೪

ಅಕ್ಕಾ,

ಚೆನ್ನಾಗಿದ್ದೀಯಾ? ನಾನು ಚೆನ್ನಾಗಿಲ್ಲ. ಮೈಗೇನೂ ಆಗಿಲ್ಲ, ಗಾಬರಿಯಾಗಬೇಡ. ಫೋನ್ ಮಾಡೋಣ ಅಂದ್ರೆ ನಾನಿರೋದು ವರ್ಕ್‌ಶಾಪಿನ ಮೇಲಿನ ಕೋಣೆ, ಗೋಡೆ ಅನ್ನೋದು ಬರೀ ತಗಡು. ಪಕ್ಕದ ಕೋಣೆಯಲ್ಲಿ ಲೇತ್ ಮೆಷಿನ್ನಿನವನು ಇದ್ದಾನೆ, ಅವನ ಕಿವಿ ನನ್ನ ಬಾಯಿ ಪಕ್ಕದಲ್ಲೇ ಇರುತ್ತೆ. ಈ ವಿಷಯ ಅವನಿಗೆ ಗೊತ್ತಾದ್ರೆ ನಾನು ಊರು ಬಿಡಬೇಕಾಗುತ್ತೆ. ಅದಕ್ಕೇ ಕಾಗದ.

ಈ ಹುಡುಗಿ ಜೊತೆ ಮದುವೆ ಗೊತ್ತಾದಾಗಿಂದ ಎಲ್ಲ ಸರಿಯಾಗೇ ಇತ್ತು. ಅವರು ದಿನಾ ಸಂಜೆ ಕನ್ನಡಕದ ಅಂಗಡಿ ಕೆಲಸ ಮುಗಿಸಿ ಈ ಕಡೆಯಿಂದಲೇ ಹೋಗ್ತಾರೆ, ನಾನು ಕೈ ತೊಳೆದುಕೊಂಡು ಕಾಯ್ತಿರ್ತೀನಿ. ಇಡೀ ದಿನ ಜನರ ಕನ್ನಡಕದ ಗಾಜು ಉಜ್ಜಿ ಉಜ್ಜಿ ಫ್ರೇಮಿಗೆ ಕೂರಿಸ್ತಾರಲ್ಲ, ಅವರ ಬೆರಳಿನ ತುದಿಯೆಲ್ಲ ನುಣ್ಣಗೆ. ನನ್ನದು ನೋಡಿದ್ರೆ ಸುಟ್ಟ ರೊಟ್ಟಿ. ಅವರ ಅಣ್ಣ ಹಡಗಿನ ಕೆಲಸದಿಂದ ವರ್ಷದ ಕೊನೆಗೆ ರಜೆ ಮೇಲೆ ಬರ್ತಾನೆ, ಬಂದ ಮೇಲೆ ಮದುವೆ. ಇಷ್ಟು ನಿನಗೂ ಗೊತ್ತು.

ಹೊಸ ವರ್ಷಕ್ಕೆ ಅಂತ ನಾನು ಅವರಿಗೆ ಕೈಗಡಿಯಾರ ಕೊಟ್ಟೆ. ಅವರು ನನಗೆ ಒಂದು ಹಾಳೆ ಕೊಟ್ಟರು. ಈ ವರ್ಷ ರಾತ್ರಿ ಆಕಾಶದಲ್ಲಿ ಏನೇನು ಅಪರೂಪದ್ದು ಕಾಣುತ್ತೆ ಅಂತ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದಾರೆ. ಫೆಬ್ರವರಿಯಲ್ಲಿ ಬೆಳಗಿನ ಜಾವ ಧೂಮಕೇತು. ಏಪ್ರಿಲ್‌ನಲ್ಲಿ ಶುಕ್ರ, ಗುರು ಎರಡೂ ಒಂದಕ್ಕೊಂದು ಆತುಕೊಂಡ ಹಾಗೆ. ಆಗಸ್ಟ್‌ನಲ್ಲಿ ಉಲ್ಕೆಗಳ ಮಳೆ, ಅದೂ ಅಮಾವಾಸ್ಯೆ ಆಸುಪಾಸಿನಲ್ಲಿ! ಕೊನೆಗೆ ಡಿಸೆಂಬರ್‌ನಲ್ಲಿ ಪೂರ್ಣ ಚಂದ್ರಗ್ರಹಣ. "ಇವೆಲ್ಲ ನಾವಿಬ್ಬರೂ ಒಟ್ಟಿಗೆ ನೋಡೋಣ ರೀ, ದೀಪಗೀಪ ಇಲ್ಲದ ಕಡೆ ಹೋಗಿ" ಅಂದರು. ಅವರ ಮುಖ ನೋಡಿ "ಓಹೋ, ಅದಕ್ಕೇನಂತೆ" ಅಂದುಬಿಟ್ಟೆ.

ನಿನಗೊಬ್ಬಳಿಗೇ ಗೊತ್ತು ನನ್ನ ಪಾಡು. ಏನು ಮಾಡಲಿ ಹೇಳು.

ಆಮೇಲೆ, ಕವರ್ ಮೇಲೆ ಪುಟ್ಟ ಅಂತ ಬರೀಬೇಡ. ಪೋಸ್ಟಿನವನು ಗೇಟಲ್ಲಿ ನಿಂತು ಕೂಗ್ತಾನೆ.

ದಿಕ್ಕು ತೋಚದ
ನಿನ್ನ ತಮ್ಮ


ಜನವರಿ ೧೫

ಪುಟ್ಟಾ,

ಕವರ್ ಮೇಲೆ ತಾನೆ ಬೇಡ ಅಂದಿದ್ದು?

ನಿನ್ನ ಕಾಗದ ನೈಟ್ ಡ್ಯೂಟಿಯಲ್ಲಿ ಓದಿದೆ. ವಾರ್ಡಿನಲ್ಲಿ ಎಲ್ಲ ಮಲಗಿದ್ದರು, ನಾನು ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ಮೂರನೇ ಹಾಸಿಗೆಯ ಅಜ್ಜಿ ಎದ್ದು "ಏನು ಸಿಸ್ಟರ್, ಅಳ್ತಿದ್ದೀರಾ?" ಅಂತ ಕೇಳಿತು.

ಬಾಗಿಲು ತುಂಬ ಆಳು, ಇಬ್ಬರು ಎತ್ತೋ ಕಬ್ಬಿಣದ ಗೇಟನ್ನ ಒಬ್ಬನೇ ಹೆಗಲ ಮೇಲೆ ಹೊತ್ತು ತರ್ತೀಯ, ಲೈಟ್ ಆರಿಸಿದ್ರೆ ಜೀವ ಬಾಯಿಗೆ ಬರುತ್ತೆ. ನಿನ್ನಂಥವನಿಗೆ ನಕ್ಷತ್ರ ನೋಡೋ ಹುಚ್ಚಿರೋ ಹುಡುಗಿನೇ ಗಂಟು ಬೀಳಬೇಕಾ! ನನಗೆ ತಡೆಯೋಕಾಗ್ತಿಲ್ಲ ಕಣೋ.

ಸರಿ, ನಕ್ಕಿದ್ದಾಯ್ತು. ಈಗ ಕೇಳು. ನೇರ ಹೋಗಿ ಹೇಳು. "ನನಗೆ ಕತ್ತಲಂದ್ರೆ ಹೆದರಿಕೆ, ಚಿಕ್ಕಂದಿನಿಂದ ಹಾಗೇ, ಈಗಲೂ ಲೈಟ್ ಹಾಕಿಕೊಂಡೇ ಮಲಗೋದು." ಇಷ್ಟೇ. ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ? ಇಲ್ಲಿ ರಾತ್ರಿಯೆಲ್ಲ ನೋಡ್ತೀನಲ್ಲ, ಎಂಥೆಂಥ ಗಂಡಸರು ಒಂದು ಸೂಜಿಗೆ ಅಮ್ಮಾ ಅಂತಾರೆ. ಯಾರ ಹೆಂಡತಿಯೂ ಬಿಟ್ಟು ಹೋಗಿಲ್ಲ.

ನಗು ನಿಲ್ಲದ
ಅಕ್ಕ


ಫೆಬ್ರವರಿ ೨೦

ಅಕ್ಕಾ,

ನಿನಗೆ ಹೇಳಿದ್ದೇ ತಪ್ಪಾಯ್ತು.

ಧೂಮಕೇತುವಿನ ದಿನ ನನಗೆ ಜ್ವರ ಬಂತು. ಬಂತು ಅಂದ್ರೆ, ನಾನು ಬರಿಸಿಕೊಂಡೆ. ಕಂಬಳಿ ಹೊದ್ದು, ಹಣೆಗೆ ಒದ್ದೆ ಬಟ್ಟೆ ಹಾಕಿ ಮಲಗಿದ್ದೆ. ಅವರು ಒಬ್ಬರೇ ಹೋಗಿ ನೋಡಿ, ವಾಪಸ್ ಬರ್ತಾ ನನಗೆ ಅಂತ ಮಾತ್ರೆ, ಬ್ರೆಡ್ಡು ತಂದರು. ಧೂಮಕೇತು ಹೇಗಿತ್ತು ಅಂತ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ನನಗೆ ನಾಚಿಕೆಯಾಗಿ ನಿಜವಾಗಿಯೂ ಮೈ ಬಿಸಿಯಾಯ್ತು.

ಹೇಳು ಅಂತೀಯ. ಹೇಗೆ ಹೇಳಲಿ? ಮೊನ್ನೆ ಅವರು ತಮ್ಮ ಅಂಗಡಿ ಯಜಮಾನರಿಗೆ ನನ್ನ ಪರಿಚಯ ಮಾಡಿಸಿದರು. "ಇವರು ಜೊತೆಗಿದ್ರೆ ಎಂಥ ಕತ್ತಲ ದಾರಿಯಲ್ಲಾದ್ರೂ ಹೋಗಬಹುದು ಅನ್ನಿಸುತ್ತೆ ಸಾರ್" ಅಂದರು. ಬೇರೆ ಏನಾದ್ರೂ ಹೊಗಳಬಾರದಿತ್ತಾ? ಅತ್ತ ದರಿ, ಇತ್ತ ಪುಲಿ.

ಕೆಲಸದಲ್ಲೂ ಅಷ್ಟೇ, ನಿನಗೆ ಇದುವರೆಗೂ ಹೇಳಿರಲಿಲ್ಲ. ವೆಲ್ಡಿಂಗ್ ಮಾಡುವಾಗ ಮುಖಕ್ಕೆ ಮಾಸ್ಕ್ ಎಳೆದುಕೊಂಡ ಮೇಲೆ ಕಿಡಿ ಹತ್ತೋವರೆಗೆ ಏನೂ ಕಾಣಲ್ಲ. ಒಂದು ಗಳಿಗೆ ಕಗ್ಗತ್ತಲೆ. ಇಷ್ಟು ವರ್ಷವಾದ್ರೂ ಆ ಒಂದು ಗಳಿಗೆ ನಾನು ಉಸಿರು ಬಿಗಿ ಹಿಡಿದೇ ಇರ್ತೀನಿ. ನನ್ನ ಕೈ ಬಲು ಚುರುಕು ಅಂತ ಎಲ್ಲ ಮೆಚ್ಚಿಕೊಳ್ತಾರೆ. ಯಾಕೆ ಚುರುಕು ಅಂತ ನನಗೆ ಗೊತ್ತು.

ನೀನು ಅವರಿಗೆ ಹೇಳಲ್ಲ ಅಂತ ಆಣೆ ಮಾಡು. ಭಾವನಿಗೂ ಹೇಳಬೇಡ. ಅವರು ಮದುವೆ ಊಟದ ಪಂಕ್ತಿಯಲ್ಲಿ ಎದ್ದು ನಿಂತು ಹೇಳ್ತಾರೆ.

ಜ್ವರ ಬಿಟ್ಟ
ನಿನ್ನ ತಮ್ಮ


ಏಪ್ರಿಲ್ ೨೬

ಅಕ್ಕಾ, ಅಕ್ಕಾ,

ಗೆದ್ದೆ!

ಶುಕ್ರ, ಗುರು ಬಂದಿದ್ದು ಸೂರ್ಯ ಮುಳುಗಿದ ಕೂಡಲೇ. ಆಕಾಶ ಇನ್ನೂ ಕೆಂಪಗೆ, ಬಸ್ ಸ್ಟ್ಯಾಂಡಿನ ಲೈಟೆಲ್ಲ ಜಗಜಗ. ಹಣ್ಣಿನ ಗಾಡಿ ಪಕ್ಕದ ಕಟ್ಟೆ ಮೇಲೆ ಕೂತು ನೋಡಿದ್ವಿ. ಎರಡೂ ಗ್ರಹ ಬಟ್ಟೆ ಅಂಗಡಿಯ ಬೋರ್ಡಿನ ಮೇಲುಗಡೆ, ಒಂದು ದಪ್ಪ, ಒಂದು ಸಣ್ಣ, ಪಕ್ಕಪಕ್ಕದಲ್ಲಿ. "ದಪ್ಪಗಿರೋದು ನೀವು" ಅಂದರು. ನಾನು "ಹೊಳೀತಿರೋದೂ ಅದೇ ಅಲ್ವಾ" ಅಂದೆ. ಅವರು ನಕ್ಕಿದ್ದು ನೋಡಿ ಹಣ್ಣಿನವನೂ ನಕ್ಕ.

ಇಷ್ಟೇನಾ ಆಕಾಶ ನೋಡೋದು ಅಂದ್ರೆ? ನಾನು ಸುಮ್ಮನೆ ಹಗ್ಗ ನೋಡಿ ಹಾವು ಅಂತ ಹೆದರಿದ್ದೆ. ಆಗಸ್ಟ್‌ಗೂ ಹೀಗೇ ಏನಾದ್ರೂ ದಾರಿ ಸಿಗುತ್ತೆ, ನೋಡ್ತಿರು.

ಸೀಟಿ ಹೊಡೀತಾ
ನಿನ್ನ ತಮ್ಮ


ಮೇ ೧೦

ಪುಟ್ಟಾ,

ಬಸ್ ಸ್ಟ್ಯಾಂಡಿನಲ್ಲಿ ಗೆದ್ದು ಬಂದ ವೀರನಿಗೆ ಜಯವಾಗಲಿ. ಆದ್ರೆ ಉಲ್ಕೆ ಹಣ್ಣಿನ ಗಾಡಿ ಪಕ್ಕ ಬೀಳಲ್ಲ. ಆಗಸ್ಟ್ ಬರೋ ಮೊದಲು ಬಾಯಿ ಬಿಡು. ಆಣೆ ಮಾಡಿಸಿಕೊಂಡಿದ್ದೀಯ ಅಂತ ನಾನು ಸುಮ್ಮನಿದ್ದೀನಿ, ಇಲ್ಲದಿದ್ರೆ ನಾಳೆ ಬೆಳಿಗ್ಗೆಯೇ ಅವಳಿಗೆ ಬರೀತಿದ್ದೆ.

ಅಕ್ಕ


ಆಗಸ್ಟ್ ೧೬

ಅಕ್ಕಾ,

ಮಾನ ಹೋಯ್ತು.

ಊರಾಚೆ ನೀರಿನ ಟ್ಯಾಂಕಿನ ಹತ್ತಿರ ದೊಡ್ಡ ಬಯಲಿದೆಯಲ್ಲ, ಅಲ್ಲಿಗೆ ಜನ ಚಾಪೆ ತಗೊಂಡು ಹೋಗಿದ್ದರು. ನಾನೂ ಯೋಚನೆ ಮಾಡಿದೆ. ಕತ್ತಲಲ್ಲಿ ಕಾಲಿಗೆ ಕಲ್ಲು ಎಡವಬಹುದು, ಹುಳಹುಪ್ಪಟೆ ಇರಬಹುದು, ಒಂದಿಷ್ಟು ಬೆಳಕಿದ್ರೆ ಎಲ್ಲರಿಗೂ ಅನುಕೂಲ. ನಿಜ ಹೇಳ್ತೀನಿ, ಬರೆಯುವಾಗಲೂ ಇದು ಸರಿ ಅಂತಲೇ ಅನ್ನಿಸ್ತಿದೆ. ವರ್ಕ್‌ಶಾಪಿನಲ್ಲಿ ರಾತ್ರಿ ಪಾಳಿಗೆ ಹಾಕೋ ದೊಡ್ಡ ಹ್ಯಾಲೊಜನ್ ಲೈಟ್ ಎರಡು, ಜೊತೆಗೆ ಜನರೇಟರ್, ಎಲ್ಲ ಗಾಡಿಗೆ ಹೇರಿಕೊಂಡು ಹೋದೆ. ಅವರು ಇನ್ನೂ ಚಾಪೆ ಹಾಸ್ತಿದ್ದರು. ನಾನು ಸ್ವಿಚ್ ಹಾಕಿದೆ.

ಅಕ್ಕಾ, ಬಯಲು ಬಯಲೇ ಹಗಲಾಗಿ ಹೋಯ್ತು. "ಯಾವನೋ ಅವನು!" ಅಂತ ನಾಲ್ಕೂ ಕಡೆಯಿಂದ ಕೂಗು. ಯಾರೋ ಮೇಷ್ಟ್ರು ಮಕ್ಕಳ ದಂಡು ಕಟ್ಟಿಕೊಂಡು ಬಂದಿದ್ದರು, ಅವರು ಬೈದ ಬೈಗುಳ ಮಕ್ಕಳು ಇನ್ನೂ ಕಲೀತಿರಬೇಕು. ಉಲ್ಕೆ ಬಿತ್ತೋ ಬಿಡ್ತೋ, ಯಾರಿಗೂ ಕಾಣಲಿಲ್ಲ. ಚಾಪೆ ಬಿಟ್ಟು ಎದ್ದು ಬಂದು "ಆರಿಸಿ ರೀ" ಅಂತ ಅವರು ಅಂದರು. ಆರಿಸಬೇಕು ಅಂತ ಕೈ ಹಾಕಿದೆ, ಅಕ್ಕಾ, ಕೈ ಬರಲಿಲ್ಲ. "ಜನರೇಟರ್ ಏನೋ ಆಗಿದೆ, ವಾಪಸ್ ಕೊಡಬೇಕು" ಅಂತ ಏನೇನೋ ಬಡಬಡಿಸಿ, ಲೈಟ್ ಉರೀತಿರುವಾಗಲೇ ಗಾಡಿಗೆ ಎತ್ತಿ ಹಾಕಿಕೊಂಡು ಬಂದುಬಿಟ್ಟೆ.

ಅವರನ್ನ ಅಲ್ಲೇ ಬಿಟ್ಟು ಬಂದೆ. ಅಂಗಡಿ ಯಜಮಾನರ ಮನೆಯವರೆಲ್ಲ ಇದ್ದರು, ಅವರ ಜೊತೆ ಮನೆಗೆ ಹೋದರಂತೆ. ಮೂರು ದಿನದಿಂದ ಈ ಕಡೆ ಬಂದಿಲ್ಲ.

ತಲೆ ತಗ್ಗಿಸಿ
ನಿನ್ನ ತಮ್ಮ


ಸೆಪ್ಟೆಂಬರ್ ೯

ಅಕ್ಕನವರಿಗೆ ನಮಸ್ಕಾರ.

ನಾನು ಯಾರು ಅಂತ ಅಕ್ಷರದಿಂದ ಗೊತ್ತಾಗಲ್ಲ. ನಿಮ್ಮ ತಮ್ಮನ ಜೊತೆ ಮದುವೆ ಗೊತ್ತಾಗಿರುವ ಕನ್ನಡಕದ ಅಂಗಡಿಯವಳು. ವಿಳಾಸ ಅವರ ಮೇಜಿನ ಮೇಲಿದ್ದ ಕವರ್ ನೋಡಿ ಬರೆದುಕೊಂಡೆ. ಒಳಗಿನ ಕಾಗದ ಮುಟ್ಟಲಿಲ್ಲ, ನಂಬಿ.

ಸುತ್ತಿ ಬಳಸಿ ಹೇಳೋಕೆ ನನಗೆ ಬರಲ್ಲ. ಅವರಿಗೆ ನಾನು ಇಷ್ಟ ಇಲ್ವಾ? ಹಗಲಿಡೀ ನಗ್ತಾ ಇರ್ತಾರೆ, ಸೂರ್ಯ ಮುಳುಗಿ ಸ್ವಲ್ಪ ಹೊತ್ತಾದ್ರೆ ಎದ್ದು ಹೊರಡ್ತಾರೆ. ಸಿನಿಮಾಕ್ಕೆ ಕರೆದೆ, ಲೈಟ್ ಆರಿದ ಕೂಡಲೇ "ಗಾಳಿ ಬೇಕು" ಅಂತ ಹೊರಗೆ ಹೋಗಿ, ಸಿನಿಮಾ ಮುಗಿಯೋವರೆಗೂ ಕಡಲೆಕಾಯಿ ತಿಂತಾ ನಿಂತಿದ್ದರು. ಕರೆಂಟ್ ಹೋದ ದಿನ ನಮ್ಮ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತಿದ್ದವರು ಮಾತೇ ಆಡದೆ ರಸ್ತೆಗೆ ಓಡಿದರು. ಉಲ್ಕೆ ನೋಡೋಕೆ ಹೋದಾಗ ಏನಾಯ್ತು ಅಂತ ನಿಮಗೆ ಹೇಳಿರ್ತಾರೆ. ನನ್ನ ಜೊತೆ ಕತ್ತಲಲ್ಲಿ ಕೂರಬೇಕಾಗುತ್ತೆ ಅಂತ ಅವರು ಊರಿಗೆಲ್ಲ ಬೆಳಕು ಮಾಡಿದರು ಅಕ್ಕಾವ್ರೇ.

ನನಗೆ ವಯಸ್ಸು ಮೂವತ್ತಾರು. ನೋಡಿ ಬೇಡ ಅಂದು ಹೋದವರು ಮೊದಲೂ ಇದ್ದಾರೆ, ಅದಕ್ಕೆ ನಾನೇನೂ ಸತ್ತಿಲ್ಲ. ಆದ್ರೆ ಇವರನ್ನ ನನಗೆ ಬಹಳ ಇಷ್ಟ. ಇಷ್ಟ ಇಲ್ಲದೆ ಇದ್ರೆ ಈ ಕಾಗದ ಬರೀತಿರಲಿಲ್ಲ. ಒತ್ತಾಯಕ್ಕೆ ಒಪ್ಪಿಕೊಂಡಿದ್ರೆ ಈಗಲೇ ಹೇಳಿಬಿಡಲಿ. ಡಿಸೆಂಬರ್ ಗ್ರಹಣಕ್ಕೂ ಏನಾದ್ರೂ ನೆಪ ಹೇಳಿದ್ರೆ, ನಾನು ನಮ್ಮಣ್ಣನಿಗೆ ರಜೆ ಹಾಕಬೇಡ ಅಂತ ಹೇಳ್ತೀನಿ.

ನಿಮ್ಮ ಉತ್ತರ ಕಾಯ್ತಿರುವವಳು


ಸೆಪ್ಟೆಂಬರ್ ೨೦

ನೋಡಮ್ಮಾ,

ನಿನ್ನ ಕಾಗದ ಓದಿ ನನ್ನ ಬಾಯಿ ಎಷ್ಟು ಕಡೀತಿದೆ ಅಂದ್ರೆ ಹೇಳೋ ಹಾಗಿಲ್ಲ. ಆದ್ರೆ ಒಂದು ಆಣೆ ಮಾಡಿ ಕೂತಿದ್ದೀನಿ. ಅದು ಮುರಿದ್ರೆ ಅವನು ಇನ್ನು ಜನ್ಮದಲ್ಲಿ ನನ್ನನ್ನ ನಂಬಲ್ಲ.

ಇಷ್ಟು ಮಾತ್ರ ಹೇಳ್ತೀನಿ. ಅವನಿಗೆ ನೀನು ಇಷ್ಟ ಇಲ್ಲ ಅನ್ನೋದು ಶುದ್ಧ ಸುಳ್ಳು. ನನಗೆ ಬರೋ ಕಾಗದದಲ್ಲಿ ನಿನ್ನ ಬೆರಳಿನ ತುದಿ ಹೇಗಿದೆ ಅಂತ ಕೂಡ ಇರುತ್ತೆ. ಉಳಿದದ್ದು ಅವನನ್ನೇ ಕೇಳು. ಅವನು ತಪ್ಪಿಸಿಕೊಳ್ಳೋಕಾಗದ ಕಡೆ ಕೂರಿಸಿ, ಗಟ್ಟಿಯಾಗಿ ಕೇಳು. ನಮ್ಮ ಮನೆಯ ಗಂಡಸರು ಒಂದು ಮಾತಾಡೋಕೆ ಒಂದು ವರ್ಷ ತಗೋತಾರೆ, ನಮ್ಮಪ್ಪನೂ ಹಾಗೇ ಇದ್ದರು.

ನಿನ್ನವಳೇ ಆದ
ಅಕ್ಕ


ಸೆಪ್ಟೆಂಬರ್ ೨೦

ಲೋ ದಡ್ಡಾ,

ಪುಟ್ಟ ಅನ್ನೋದೂ ಇಲ್ಲ ಇವತ್ತು. ಅವಳಿಗೆ ನೀನು ಹೆದರ್ತೀಯ ಅಂತ ಗೊತ್ತಾಗಿಲ್ಲ ಕಣೋ, ನಿನಗೆ ಅವಳು ಬೇಡ ಅಂತ ಗೊತ್ತಾಗಿದೆ! ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಯಾರಿಗೂ ಏನೂ ಕಾಣ್ತಿಲ್ಲ ಅಂದುಕೊಂಡಿದ್ದೀಯ. ಡಿಸೆಂಬರ್‌ನಲ್ಲಿ ನೀನು ಹೋಗದೆ ಇದ್ರೆ ಮದುವೆ ಇಲ್ಲ. ನನಗೆ ಹೇಗೆ ಗೊತ್ತು ಅಂತ ಕೇಳಬೇಡ.

ಎಷ್ಟು ಒಳ್ಳೆಯವಳು ಅವಳು. ಕಳಕೊಂಡ್ರೆ ನಾನು ನಿನ್ನ ಮುಖ ನೋಡಲ್ಲ.

ಅಕ್ಕ


ನವೆಂಬರ್ ೮

ಅಕ್ಕಾ,

ಬೈದಿದ್ದು ಸಾಕು. ನಿನ್ನ ಕಾಗದ ಬಂದ ಮೇಲೆ ಎಷ್ಟೋ ರಾತ್ರಿ ನಿದ್ದೆ ಮಾಡಿಲ್ಲ. ಲೈಟಿದ್ದೂ ನಿದ್ದೆ ಬರದೆ ಇರೋದು ನನಗೆ ಇದೇ ಮೊದಲು. ಅವರಿಲ್ಲದೆ ಇರೋಕೆ ನನ್ನಿಂದ ಆಗಲ್ಲ. ದಿನಾ ಹೇಳೋಣ ಅಂತ ಹೋಗ್ತೀನಿ, ಹವಾಮಾನದ ಬಗ್ಗೆ ಮಾತಾಡಿ ಬರ್ತೀನಿ.

ಆದ್ರೆ ಒಂದು ಒಳ್ಳೆ ಸುದ್ದಿ. ಗ್ರಹಣ ಇರೋದು ಹುಣ್ಣಿಮೆ ದಿನ! ಕ್ಯಾಲೆಂಡರ್ ನೋಡಿದೆ. ನನಗಿದು ಇಷ್ಟು ದಿನ ಹೊಳೆಯಲೇ ಇಲ್ಲ ನೋಡು. ಹುಣ್ಣಿಮೆ ತಾನೆ, ಬೆಳಕಿರುತ್ತೆ. ಗ್ರಹಣ ಅಂದ್ರೆ ಬಿಸ್ಕತ್ತು ಕಚ್ಚಿದ ಹಾಗೆ ಒಂದು ಮೂಲೆ ಹೋಗುತ್ತೆ, ಉಳಿದದ್ದು ಇದ್ದೇ ಇರುತ್ತಲ್ಲ. ಅದೂ ಸಂಜೆಯೇ ಶುರುವಂತೆ, ಅವರ ಅಂಗಡಿ ಕಟ್ಟಡದ ಟೆರೇಸ್ ಮೇಲೆ. ಬರ್ತೀನಿ ಅಂತ ಎದೆ ತಟ್ಟಿ ಹೇಳಿದ್ದೀನಿ.

ಧೈರ್ಯವಾಗಿರುವ
ನಿನ್ನ ತಮ್ಮ


ನವೆಂಬರ್ ೧೭

ಪುಟ್ಟಾ,

ಹೌದಪ್ಪಾ, ಹುಣ್ಣಿಮೆ ತಾನೆ. ಹೋಗಿ ಬಾ.

ಪೂರ್ಣ ಅನ್ನೋ ಮಾತಿಗೆ ಅರ್ಥ ಏನು ಅಂತ ಯಾರನ್ನೂ ಕೇಳೋಕೆ ಹೋಗಬೇಡ.

ಅಕ್ಕ


ಡಿಸೆಂಬರ್ ೨೨

ಅಕ್ಕಾ,

ನೀನು ಅಕ್ಕ ಅಲ್ಲ, ಶತ್ರು.

ಟೆರೇಸ್ ತುಂಬ ಜನ. ಕೆಳಗಿನ ಮನೆಯವರು, ಎದುರು ಸಾಲಿನ ದರ್ಜಿ, ಅಂಗಡಿ ಯಜಮಾನರು, ಅವರ ತಾಯಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮೊದಲು ಚಂದ್ರ ಎಷ್ಟು ಚೆನ್ನಾಗಿ ಬಂದ ಅಂದ್ರೆ ನನ್ನ ಕೈಯ ರೇಖೆ ಕೂಡ ಕಾಣ್ತಿತ್ತು. ನಾನು ಜೋಕ್ ಮೇಲೆ ಜೋಕ್ ಹೊಡೀತಿದ್ದೆ. ಒಂದು ಮೂಲೆ ಹೋಯ್ತು. ಸರಿ. ಅರ್ಧ ಹೋಯ್ತು. "ಇನ್ನು ವಾಪಸ್ ಬರುತ್ತಾ?" ಅಂತ ಕೇಳಿದೆ. "ಇನ್ನೂ ಪೂರ್ತಿ ಹೋಗಬೇಕಲ್ಲ" ಅಂದರು ಅವರು. ಪೂರ್ತಿ! ಅಷ್ಟರಲ್ಲಿ ಯಜಮಾನರು "ಇನ್ನೇನು ಶುರು, ಆರಿಸ್ರಪ್ಪಾ" ಅಂತ ಕೂಗಿದರು. ಅಂಗಡಿ ಬೋರ್ಡು, ಮೆಟ್ಟಿಲು, ಇಡೀ ಬೀದಿಯ ಮನೆಗಳು, ಎಲ್ಲ ಆರಿದವು. ಮೊದಲೇ ಮಾತಾಡಿಕೊಂಡಿದ್ದರಂತೆ, ನನಗೊಬ್ಬನಿಗೇ ಗೊತ್ತಿರಲಿಲ್ಲ.

ಮಾಸ್ಕ್ ಎಳೆದುಕೊಂಡ ಹಾಗಾಯ್ತು, ಆದ್ರೆ ಕಿಡಿ ಹತ್ತಲೇ ಇಲ್ಲ. ಕಣ್ಣು ಮುಚ್ಚಿಕೊಂಡು ಪ್ಯಾರಾಪೆಟ್ ಗೋಡೆ ಹಿಡಿದುಕೊಂಡೆ. ಆಗಲೇ ಅವರು ಕೇಳಬೇಕಾ? "ಬೆಳಕಲ್ಲಿ ಕೇಳೋಕೆ ನನಗೆ ಧೈರ್ಯ ಇರಲಿಲ್ಲ. ಈಗ ಕೇಳ್ತೀನಿ. ನಿಮಗೆ ಈ ಮದುವೆ ಬೇಕಾ, ಬೇಡವಾ?"

ಬೇಕು ಅನ್ನಬೇಕು. ಎರಡೇ ಅಕ್ಷರ. ನಾಲಿಗೆ ಹೊರಳಲಿಲ್ಲ ಅಕ್ಕಾ. ಅವರು ಕಾದರು, ತುಂಬ ಹೊತ್ತು ಕಾದರು. ಆಮೇಲೆ "ಸರಿ, ಗೊತ್ತಾಯ್ತು ಬಿಡಿ" ಅಂದರು. ಚಾಪೆ ಮಡಚೋ ಸದ್ದು ಕೇಳಿಸ್ತು. ಚಪ್ಪಲಿ ಸದ್ದು ಮೆಟ್ಟಿಲ ಕಡೆ ಹೋಗ್ತಿದೆ. ಆ ಕತ್ತಲಿಗಿಂತ ಆ ಸದ್ದು ಹೆಚ್ಚು ಹೆದರಿಸ್ತು ನನ್ನನ್ನ.

ಉಳಿದದ್ದು ಅವರೇ ಬರೀತಾರಂತೆ. ನನ್ನ ಕೈಯಿಂದ ಪೆನ್ ಕಿತ್ತುಕೊಳ್ತಿದ್ದಾರೆ.

ತಮ್ಮ


ಡಿಸೆಂಬರ್ ೨೨

ಅಕ್ಕಾ,

ನಿಮ್ಮ ಮೇಲೆ ನನಗೆ ಸಿಟ್ಟಿದೆ. ಅದನ್ನ ನೀವು ಬಂದ ಮೇಲೆ ಎದುರಿಗೇ ತೀರಿಸ್ಕೋತೀನಿ. ತಮ್ಮನ ಪರ ಅಕ್ಕ ಇನ್ನೇನು ಹೇಳ್ತಾರೆ ಅಂದುಕೊಂಡು ನಿಮ್ಮ ಕಾಗದ ನಾನು ನಂಬಿರಲಿಲ್ಲ.

ನಾನು ಮೆಟ್ಟಿಲ ಹತ್ತಿರ ಹೋಗಿದ್ದೆ. ಅಳು ಬರ್ತಿತ್ತು, ಬೇಗ ಇಳಿದುಬಿಡೋಣ ಅಂತಿದ್ದೆ. ಹಿಂದಿನಿಂದ ಒಂದು ಕೂಗು ಬಂತು. ಮಾತಾಡಿದ್ದಲ್ಲ, ಕೂಗಿದ್ದು. "ಹೋಗಬೇಡ ಕಣೇ! ನನಗೆ ಕತ್ತಲಂದ್ರೆ ಹೆದರಿಕೆ!"

ಬೀದಿಯಲ್ಲಿ ನಿಂತಿದ್ದವರೂ ತಲೆ ಎತ್ತಿ ನೋಡಿದರಂತೆ. ಎಲ್ಲರೂ ಕೆಂಪು ಚಂದ್ರನನ್ನ ನೋಡ್ತಿದ್ದರು, ಇವರೊಬ್ಬರು ಗೋಡೆ ಹಿಡಿದು ಕಣ್ಣು ಮುಚ್ಚಿಕೊಂಡು ನಿಂತಿದ್ದರು. "ಮದುವೆ ಬೇಕು, ನೀನೂ ಬೇಕು, ಕತ್ತಲು ಮಾತ್ರ ಬೇಡ" ಅಂತ ಇನ್ನೊಂದು ಸಲ ಕೂಗಿದರು. ನನ್ನನ್ನ ಏಕವಚನದಲ್ಲಿ ಕರೆದಿದ್ದು ಅದೇ ಮೊದಲು. ನಮ್ಮ ಯಜಮಾನರ ತಾಯಿ ಕತ್ತಲೊಳಗಿಂದಲೇ "ನನಗೂ ಹೆದರಿಕೆನೇ ಕಣಪ್ಪಾ, ಬಾ ಇಲ್ಲಿ, ಇಬ್ಬರೂ ಕೂತ್ಕೊಳ್ಳೋಣ" ಅಂದರು. ಆಗ ಜನ ನಗೋಕೆ ಶುರು ಮಾಡಿದರು. ದರ್ಜಿ ಅಂತೂ ಚಪ್ಪಾಳೆ ತಟ್ಟಿದ.

ನಾನು ನಗಲಿಲ್ಲ. ಓಡಿ ಹೋಗಿ ಬೈದೆ. ಒಂದು ವರ್ಷ ನನ್ನಲ್ಲೇ ಏನೋ ಕೊರತೆ ಅಂತ ಕನ್ನಡಿ ಮುಂದೆ ನಿಂತಿದ್ದೀನಿ, ಇಷ್ಟು ಹೇಳೋಕೆ ನಿಮಗೆ ಏನಾಗಿತ್ತು ಅಂತ ಬೈದೆ. ಬೈತಾ ಬೈತಾ ಕೈ ಹಿಡಿದುಕೊಂಡೆ. ಗ್ರಹಣ ಬಿಡೋವರೆಗೂ ನಾನು ನೋಡಿ ನೋಡಿ ಹೇಳಿದೆ, ಈಗ ತಾಮ್ರದ ಬಣ್ಣ, ಈಗ ಅಂಚು ಬೆಳ್ಳಗಾಗ್ತಿದೆ ಅಂತ. ಅವರು ಕಣ್ಣು ಮುಚ್ಚಿಕೊಂಡೇ "ಹ್ಞೂಂ, ಆಮೇಲೆ?" ಅಂತಿದ್ದರು.

ನಿನ್ನೆ ಇಬ್ಬರೂ ಬಾಡಿಗೆ ಮನೆ ನೋಡಿ ಬಂದ್ವಿ. ಮಲಗೋ ಕೋಣೆಗೆ ದೊಡ್ಡ ಕಿಟಕಿ ಇದೆ. ಲೈಟ್ ಹಾಕಿಕೊಂಡೇ ಮಲಗೋಣ, ನನಗೇನೂ ತೊಂದರೆ ಇಲ್ಲ ಅಂದೆ. ಅವರು ಸ್ವಿಚ್ ಬೋರ್ಡನ್ನೇ ನೋಡ್ತಾ ನಿಂತಿದ್ದರು.

"ನಿನ್ನ ನಕ್ಷತ್ರ ಹೇಗೆ ಕಾಣುತ್ತೆ?" ಅಂತ ಕೇಳಿದರು.

"ಏನಾದ್ರೂ ಅಪರೂಪದ್ದು ಬಂದ ದಿನ ನಾನು ಎದ್ದು ಮೇಲೆ ಹೋಗಿ ನೋಡಿ ಬರ್ತೀನಿ."

"ಒಬ್ಬಳೇ?"

"ಒಬ್ಬಳೇ. ನನಗೇನು ಹೆದರಿಕೆ."

"ಬೇಡ, ನನ್ನನ್ನೂ ಎಬ್ಬಿಸು" ಅಂದರು. "ಕಣ್ಣು ಮುಚ್ಚಿಕೊಂಡು ಪಕ್ಕದಲ್ಲಿ ಕೂತಿರ್ತೀನಿ."

ನಮ್ಮಣ್ಣನಿಗೆ ರಜೆ ಸಿಕ್ಕಿದೆ. ಬೇಗ ಬನ್ನಿ.

ನಿಮ್ಮ ಮನೆಯವಳು